ಬಾಲಿಯ ಮನೆಯಂಗಳದಿಂದ ರೆಸಾರ್ಟಿಗೆ

ಹುಲ್ಲು ಹೊದಿಸಿದ ಎತ್ತರದ ಚಾವಣಿ, ಗೋಡೆಯಿಲ್ಲದ ಮಂಟಪ, ಕೆತ್ತನೆಯ ಕಲ್ಲಿನ ಬಾಗಿಲು, ತಾವರೆಯ ಕೊಳ, ಆಕಾಶಕ್ಕೆ ತೆರೆದ ಬಚ್ಚಲು, ಗದ್ದೆಯ ಅಂಚಿನಲ್ಲಿ ಈಜುಕೊಳ. ಬಾಲಿ ದ್ವೀಪದ ಐಷಾರಾಮಿ ರೆಸಾರ್ಟು ಎಂದರೆ ಇಂದು ಕಣ್ಣ ಮುಂದೆ ಬರುವುದು ಇಷ್ಟು. ಥಾಯ್ಲೆಂಡಿನಿಂದ ಮಾಲ್ಡೀವ್ಸ್‌ವರೆಗೆ ಉಷ್ಣವಲಯದ ಕಡಲತೀರಗಳಲ್ಲೆಲ್ಲ ಇದನ್ನೇ ನೋಡಿಕೊಂಡು ಕಟ್ಟಿದ್ದಾರೆ. ಬಂದಿಳಿದ ಅತಿಥಿಗೆ ಎಲ್ಲವೂ ಒಂದೇ ಪ್ರಾಚೀನ ಪರಂಪರೆಯ ತುಂಡುಗಳಂತೆ ಕಾಣುತ್ತವೆ. ಆದರೆ ಇವುಗಳಲ್ಲಿ ಕೆಲವು ಬಹಳ ಹಳೆಯವು, ಕೆಲವು ಐವತ್ತು ವರ್ಷ ಕೂಡ ತುಂಬುವ ಮೊದಲೇ ಪರಂಪರೆಯ ಹೆಸರು ಪಡೆದವು. ಯಾವುದು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಬಾಲಿಯ ಹಳ್ಳಿಯ ಮನೆಯಿಂದಲೇ ಹೊರಡಬೇಕು.

ಬಾಲಿಯವರ ಮನೆ ಒಂದು ಕಟ್ಟಡವಲ್ಲ, ಗೋಡೆ ಸುತ್ತಿದ ಒಂದು ಅಂಗಳ. ಕರ್ನಾಟಕದ ತೊಟ್ಟಿ ಮನೆಯಲ್ಲಿ ಒಂದೇ ಸೂರಿನ ಕೆಳಗೆ ಅಂಗಳದ ಸುತ್ತ ಕೋಣೆಗಳು ಕೂಡಿಕೊಂಡಿದ್ದರೆ, ಬಾಲಿಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಬಿಡಿ ಮಂಟಪ. ಇದಕ್ಕೆ ‘ಬಲೆ’ ಎಂದು ಹೆಸರು. ಕಲ್ಲಿನ ಜಗಲಿ, ಮರದ ಕಂಬಗಳು, ಅವುಗಳ ಮೇಲೆ ಅಲಂಗ್ ಅಲಂಗ್ ಹುಲ್ಲಿನ ದಪ್ಪ ಚಾವಣಿ. ಬಲೆಗಳಲ್ಲಿ ಹೆಚ್ಚಿನವಕ್ಕೆ ಒಂದೆರಡು ಕಡೆ ಮಾತ್ರ ಗೋಡೆ. ಹಿರಿಯರು ಮಲಗುವುದಕ್ಕೆ ಒಂದು, ಶುಭ ಅಶುಭ ಕಾರ್ಯಗಳಿಗೆ ಒಂದು, ಅಡುಗೆಗೆ ಒಂದು, ಭತ್ತ ತುಂಬಿಡುವ ‘ಲುಂಬುಂಗ್’ ಎಂಬ ಕಣಜ ಬೇರೆ. ಬೀದಿಯ ಬಾಗಿಲು ದಾಟಿದೊಡನೆ ಎದುರಿಗೆ ಒಂದು ಅಡ್ಡಗೋಡೆ ಇರುತ್ತದೆ. ದುಷ್ಟಶಕ್ತಿಗಳು ನೇರವಾಗಿ ಮಾತ್ರ ಚಲಿಸುತ್ತವೆ, ತಿರುವು ತೆಗೆದುಕೊಳ್ಳಲಾರವು ಎಂಬ ನಂಬಿಕೆಯಿಂದ ಕಟ್ಟಿದ ಗೋಡೆ ಇದು. ಒಳಗಿನ ಬದುಕು ಬೀದಿಗೆ ಕಾಣದಂತೆ ಮರೆಮಾಡುವ ಕೆಲಸವನ್ನೂ ಅದೇ ಮಾಡುತ್ತದೆ.

ಈ ಮಂಟಪಗಳು ಎಲ್ಲಿರಬೇಕೆಂಬುದನ್ನು ದಿಕ್ಕು ನಿರ್ಧರಿಸುತ್ತದೆ. ಬೆಟ್ಟದ ಕಡೆಗೆ ‘ಕಜ’ ಎನ್ನುತ್ತಾರೆ, ಕಡಲಿನ ಕಡೆಗೆ ‘ಕೆಲೋದ್’. ದೇವತೆಗಳ ನೆಲೆಯಾದ ಅಗುಂಗ್ ಪರ್ವತದ ಕಡೆ ಮೇಲು, ನೀರು ಹರಿದುಹೋಗುವ ಕಡಲಿನ ಕಡೆ ಕೆಳಗು. ಹೀಗಾಗಿ ದಕ್ಷಿಣ ಬಾಲಿಯಲ್ಲಿ ಕಜ ಎಂದರೆ ಉತ್ತರ, ದ್ವೀಪದ ಉತ್ತರ ತೀರದಲ್ಲಿ ಅದೇ ಕಜ ದಕ್ಷಿಣವಾಗುತ್ತದೆ. ಇದಕ್ಕೆ ಸೂರ್ಯ ಹುಟ್ಟುವ ಪೂರ್ವದ ಪಾವಿತ್ರ್ಯ ಸೇರಿ ಅಂಗಳವು ಒಂಬತ್ತು ಚೌಕಗಳಾಗುತ್ತದೆ. ಬೆಟ್ಟ ಮತ್ತು ಪೂರ್ವ ಕೂಡುವ ಮೂಲೆ ಎಲ್ಲಕ್ಕಿಂತ ಪವಿತ್ರ; ಕುಲದ ಗುಡಿ ಇರುವುದು ಅಲ್ಲಿ. ಅದರ ಕರ್ಣದ ತುದಿಯಲ್ಲಿ ಕೊಟ್ಟಿಗೆ, ಕಸದ ಗುಂಡಿ. ಮಲಗುವವರು ತಲೆಯನ್ನು ಬೆಟ್ಟದ ಕಡೆಗೋ ಪೂರ್ವಕ್ಕೋ ಇಡುತ್ತಾರೆ.

ಅಳತೆ ಮನೆಯೊಡೆಯನ ಮೈಯಿಂದಲೇ ಬರುತ್ತದೆ. ‘ಉಂಡಗಿ’ ಎಂದು ಕರೆಸಿಕೊಳ್ಳುವ ಸ್ಥಪತಿ ಅವನ ತೋಳು, ಮೊಳ, ಮುಷ್ಟಿ, ಪಾದಗಳ ಅಳತೆಯನ್ನು ಬಿದಿರಿನ ಕೋಲಿನ ಮೇಲೆ ಗುರುತು ಮಾಡಿಕೊಂಡು, ಕಂಬ ಕಂಬದ ನಡುವಿನ ಅಂತರವನ್ನೂ ಗುಡಿಗೂ ಗೋಡೆಗೂ ಇರಬೇಕಾದ ಎಡೆಯನ್ನೂ ಆ ಕೋಲಿನಿಂದಲೇ ಇಡುತ್ತಾನೆ. ಈ ವಿದ್ಯೆಯನ್ನು ಹೇಳುವ ತಾಳೆಗರಿಯ ಗ್ರಂಥಗಳಿಗೆ ಅಸ್ತ ಕೋಸಲ ಕೋಸಲಿ ಎಂದು ಹೆಸರು. ಕಟ್ಟಿದ ಮೇಲೆ ‘ಮ್ಲಸ್ಪಾಸ್’ ಎಂಬ ಶಾಂತಿ ಮಾಡಿ ಕಟ್ಟಡಕ್ಕೆ ಜೀವ ತುಂಬಬೇಕು. ಅಲ್ಲಿಯವರೆಗೆ ಅದು ಮರ ಕಲ್ಲುಗಳ ರಾಶಿ. ಮುಂದೆ ಬಂದ ರೆಸಾರ್ಟುಗಳಿಗೆ ಬೇಕಾದ ಕೈಚಳಕವೆಲ್ಲ ಈ ಉಂಡಗಿಗಳಲ್ಲಿ, ಪಾರಸ್ ಎಂಬ ಮೆದು ಕಲ್ಲನ್ನು ಕೆತ್ತುವವರಲ್ಲಿ, ಹುಲ್ಲು ಹೆಣೆಯುವವರಲ್ಲಿ ಆಗಲೇ ಇತ್ತು. ಬಾಲಿ ಶೈಲಿಯ ಕೀರ್ತಿಯನ್ನು ವಿದೇಶಿ ವಾಸ್ತುಶಿಲ್ಪಿಗಳ ಹೆಸರಿಗೆ ಬರೆಯುವ ಪುಸ್ತಕಗಳು ಇವರನ್ನು ನೆನೆಯುವುದು ಕಡಿಮೆ, ಮತ್ತು ಅದು ದೊಡ್ಡ ಅನ್ಯಾಯ.

ಪ್ರವಾಸೋದ್ಯಮ ಬಾಲಿಗೆ ಬಂದದ್ದು ರಕ್ತಪಾತದ ಬೆನ್ನಿಗೆ. ಉತ್ತರದ ಬುಲೆಲೆಂಗ್ ರಾಜ್ಯವನ್ನು ಡಚ್ಚರು 1840ರ ದಶಕದ ಯುದ್ಧಗಳಲ್ಲಿ ಗೆದ್ದಿದ್ದರು. ದಕ್ಷಿಣದ ರಾಜ್ಯಗಳು ಇಪ್ಪತ್ತನೆಯ ಶತಮಾನದವರೆಗೂ ತಲೆಬಾಗಲಿಲ್ಲ. 1906ರ ಸೆಪ್ಟೆಂಬರಿನಲ್ಲಿ ಡಚ್ ಸೇನೆ ಡೆನ್‌ಪಸಾರಿಗೆ ಬಂದಾಗ ಬಾದುಂಗ್ ಅರಸ, ರಾಣಿವಾಸ, ಪುರೋಹಿತರು, ಮಕ್ಕಳು ಎಲ್ಲರೂ ಬಿಳಿ ಬಟ್ಟೆ ಉಟ್ಟು, ಒಡವೆ ತೊಟ್ಟು, ಕಠಾರಿ ಹಿಡಿದು ಬಂದೂಕುಗಳ ಎದುರಿಗೆ ನಡೆದು ಸತ್ತರು. 1908ರಲ್ಲಿ ಕ್ಲುಂಗ್‌ಕುಂಗ್‌ನಲ್ಲಿ ಮತ್ತೆ ಹಾಗೆಯೇ ಆಯಿತು. ‘ಪುಪುತಾನ್’ ಎಂಬ ಈ ಸಾಮೂಹಿಕ ಆತ್ಮಾರ್ಪಣೆಯ ಸುದ್ದಿ ಯುರೋಪಿನಲ್ಲಿ ಹಾಲೆಂಡಿಗೆ ಕೆಟ್ಟ ಹೆಸರು ತಂದಿತು. ಆ ಕಳಂಕ ತೊಳೆದುಕೊಳ್ಳಲು ವಸಾಹತು ಸರ್ಕಾರ ಬಾಲಿಯ ಸಂಸ್ಕೃತಿಯನ್ನು ಕಾಪಾಡುವ ಪೋಷಕನ ವೇಷ ತೊಟ್ಟಿತು. 1917ರ ಜನವರಿಯ ಭೂಕಂಪದಲ್ಲಿ ಸಾವಿರಾರು ಗುಡಿಗಳು ಉರುಳಿದಾಗ ಪುನರ್ನಿರ್ಮಾಣದ ಹೊಣೆ ಹೊತ್ತ ಡಚ್ ವಾಸ್ತುಶಿಲ್ಪಿ ಮೂಯೆನ್, ಹಳೆಯ ಶೈಲಿಯಲ್ಲೇ ಕಟ್ಟಬೇಕೆಂದು ಪಟ್ಟು ಹಿಡಿದ. ನಿಜವಾದ ಬಾಲಿ ಶೈಲಿ ಯಾವುದೆಂದು ಹೊರಗಿನವನೊಬ್ಬ ತೀರ್ಪು ಕೊಡುವ ಪದ್ಧತಿ ಆಗಲೇ ಕಾಣಿಸಿಕೊಂಡಿತ್ತು. ಅದೇ ಮೂಯೆನ್ 1931ರ ಪ್ಯಾರಿಸ್ ವಸಾಹತು ಪ್ರದರ್ಶನದ ಡಚ್ ಮಂಟಪವನ್ನು ಬಾಲಿಯ ಗೋಪುರಗಳನ್ನು ಸೇರಿಸಿ ರೂಪಿಸಿದ. ಅದು ಅದೇ ವರ್ಷ ಬೆಂಕಿಗೆ ಆಹುತಿಯಾಯಿತು. ಉಬುದ್‌ನ ಅರಸುಮನೆತನದ ಚೊಕೋರ್ದ ಗ್ದೆ ರಾಕಾ ಸುಕವತಿ ಕರೆದೊಯ್ದಿದ್ದ ನರ್ತಕರ ತಂಡ ಮಾತ್ರ ಯುರೋಪಿನ ಮನಸ್ಸು ಗೆದ್ದು ಬಂತು.

ಪ್ರವಾಸಿಗರನ್ನು ಕರೆತಂದದ್ದು ಡಚ್ಚರ ಹಡಗು ಕಂಪನಿ ಕೆ.ಪಿ.ಎಂ. 1920ರ ದಶಕದಲ್ಲಿ ಅದರ ಹಡಗುಗಳು ಉತ್ತರದ ಸಿಂಗರಾಜ ಬಂದರಿಗೆ ವಾರಕ್ಕೊಮ್ಮೆ ಬರತೊಡಗಿದವು. 1928ರಲ್ಲಿ ಕಂಪನಿ ಡೆನ್‌ಪಸಾರಿನಲ್ಲಿ ಬಾಲಿ ಹೋಟೆಲು ತೆರೆಯಿತು. ಪುಪುತಾನ್ ನಡೆದ ನೆಲದ ಪಕ್ಕದಲ್ಲೇ ನಿಂತ ಆ ಹೋಟೆಲು ನೋಟದಲ್ಲಿ ವಸಾಹತು ಕಾಲದ ಬಂಗಲೆಯೇ. ಅತಿಥಿಗಳಿಗೆ ಬಾಲಿ ಕಾಣುತ್ತಿದ್ದದ್ದು ಕಟ್ಟಡದಲ್ಲಲ್ಲ, ಸಂಜೆ ಅವರಿಗಾಗಿ ಮೊಟಕುಗೊಳಿಸಿ ಆಡುತ್ತಿದ್ದ ನೃತ್ಯಗಳಲ್ಲಿ.

ಬೇರೆ ಬಗೆಯ ವಸತಿಯ ಬೀಜ ಬಿದ್ದದ್ದು ಎರಡು ಕಡೆ. ಒಂದು ಉಬುದ್. ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ 1927ರಲ್ಲಿ ಸುಕವತಿ ಮನೆತನದ ಆಹ್ವಾನದ ಮೇಲೆ ಅಲ್ಲಿ ನೆಲೆಸಿ, ಎರಡು ಹೊಳೆಗಳು ಕೂಡುವ ಚಂಪುಹಾನ್ ಕಣಿವೆಯ ಇಳಿಜಾರಿನಲ್ಲಿ ಹುಲ್ಲಿನ ಮನೆ ಕಟ್ಟಿಕೊಂಡ. ಯುರೋಪು ಅಮೆರಿಕಗಳ ಸಂಗೀತಗಾರರು, ಲೇಖಕರು, ಮಾನವಶಾಸ್ತ್ರಜ್ಞರು ಅಲ್ಲಿಗೆ ಬಂದು ಹೋದರು. ಕಣಿವೆಯ ನೋಟಕ್ಕೆ ಮುಖ ಮಾಡಿದ ಮಂಟಪದಲ್ಲಿ ಕುಳಿತು ದಿನ ಕಳೆಯುವುದೇ ಒಂದು ಸುಖ ಎಂಬ ಕಲ್ಪನೆ ಹೊರಗಿನವರಿಗೆ ಹಿಡಿದದ್ದು ಆ ಮನೆಯಿಂದ. 1936ರಲ್ಲಿ ಸ್ಪೀಸ್, ಚಿತ್ರಕಾರ ರುಡಾಲ್ಫ್ ಬೊನೆಟ್, ಸುಕವತಿ ಮನೆತನದವರು ಮತ್ತು ಗುಸ್ತಿ ನ್ಯೋಮನ್ ಲೆಂಪಾದ್ ಸೇರಿ ‘ಪಿತ ಮಹ’ ಎಂಬ ಕಲಾವಿದರ ಸಂಘ ಕಟ್ಟಿದರು. ಲೆಂಪಾದ್ ಚಿತ್ರಕಾರನಾಗಿ ಹೆಸರಾದವರು. ಮೂಲತಃ ಅವರೊಬ್ಬ ಉಂಡಗಿ, ಉಬುದ್‌ನ ಅರಮನೆಗೆ ಗುಡಿಗೆ ಕಲ್ಲು ಕೆತ್ತಿದವರು ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ.

ಇನ್ನೊಂದು ಕೂಟಾದ ಕಡಲತೀರ. ಅಮೆರಿಕದ ರಾಬರ್ಟ್ ಮತ್ತು ಲೂಯಿಸ್ ಕೋಕ್ ದಂಪತಿ 1936ರಲ್ಲಿ ಅಲ್ಲಿ ಬಿದಿರು, ಹುಲ್ಲುಗಳ ಬಿಡಿ ಕುಟೀರಗಳ ಹೋಟೆಲು ತೆರೆದರು. ಒಂದೇ ದೊಡ್ಡ ಕಟ್ಟಡದ ಬದಲು ತೋಟದ ನಡುವೆ ಚದುರಿದ ಕುಟೀರಗಳು ಎಂಬ ವಿನ್ಯಾಸ, ಹಳ್ಳಿಯ ಅಂಗಳವನ್ನೇ ಹೋಟೆಲಿಗೆ ಒಗ್ಗಿಸಿದ್ದು. ಡಚ್ಚರು ಅದನ್ನು ಗುಡಿಸಲೆಂದು ಹಳಿದರೂ ಅತಿಥಿಗಳು ಬಂದರು. 1942ರಲ್ಲಿ ಜಪಾನೀಯರು ಬಂದಿಳಿದಾಗ ಈ ಅಧ್ಯಾಯ ಮುಗಿಯಿತು. ಅದೇ ವರ್ಷ ಜನವರಿಯಲ್ಲಿ, ಶತ್ರುದೇಶದವನೆಂದು ಬಂಧಿತನಾಗಿದ್ದ ಸ್ಪೀಸ್‌ನನ್ನು ಸಾಗಿಸುತ್ತಿದ್ದ ಹಡಗಿನ ಮೇಲೆ ಬಾಂಬು ಬಿದ್ದು ಅವನು ಮುಳುಗಿಹೋದ.

ಸ್ವತಂತ್ರ ಇಂಡೋನೇಷ್ಯದ ಮೊದಲ ಅಧ್ಯಕ್ಷ ಸುಕರ್ಣೋ ಅವರ ತಾಯಿ ಬಾಲಿಯವರು. ದ್ವೀಪದ ಮೇಲೆ ಅವರಿಗೆ ಮಮತೆ ಇತ್ತು, ಜೊತೆಗೆ ಆಧುನಿಕತೆಯ ಹಂಬಲವೂ ಇತ್ತು. ಜಪಾನಿನ ಯುದ್ಧ ಪರಿಹಾರದ ಹಣದಿಂದ ಸಾನೂರಿನ ಕಡಲತೀರದಲ್ಲಿ ಹತ್ತು ಅಂತಸ್ತಿನ ಬಾಲಿ ಬೀಚ್ ಹೋಟೆಲು ಎದ್ದಿತು. 1966ರಲ್ಲಿ ತೆರೆದ ಅದರ ಕಾಂಕ್ರೀಟು ಗೋಪುರ ಸುತ್ತಲಿನ ಗುಡಿಗಳನ್ನೂ ತೆಂಗಿನ ತೋಟಗಳನ್ನೂ ಮೀರಿ ನಿಂತಿತು. ಆಮೇಲೆ ಬಂದ ನಿಯಮವೇ ಬಾಲಿಯ ಇಂದಿನ ಮುಖವನ್ನು ಉಳಿಸಿದ್ದು: ಯಾವ ಕಟ್ಟಡವೂ ತೆಂಗಿನ ಮರಕ್ಕಿಂತ, ಅಂದರೆ 15 ಮೀಟರಿಗಿಂತ ಎತ್ತರ ಇರಕೂಡದು. ಏಷ್ಯದ ಬೇರೆ ಕಡಲತೀರಗಳಲ್ಲಿ ಹೋಟೆಲುಗಳು ಮೇಲಕ್ಕೆ ಬೆಳೆದರೆ ಬಾಲಿಯಲ್ಲಿ ಅಡ್ಡಕ್ಕೆ ಹರಡಿದವು, ತೋಟಗಳಾದವು, ಮಂಟಪಗಳಾದವು. ಸೌಂದರ್ಯಪ್ರಜ್ಞೆಗೆ ಸಲ್ಲುವ ಹೊಗಳಿಕೆಯಲ್ಲಿ ಒಳ್ಳೆಯ ಪಾಲು ಈ ಒಂದು ಸಾಲಿನ ಕಾನೂನಿಗೆ ಸಲ್ಲಬೇಕು.

ಆ ಗೋಪುರ ಏಳುವ ಮೊದಲೇ, ಅದೇ ಸಾನೂರಿನಲ್ಲಿ, ಅದಕ್ಕೆ ಉತ್ತರವೂ ಹುಟ್ಟಿತ್ತು. ಸುಲವೇಸಿಯ ಮನಾದೋ ಮೂಲದ ವಿಜಾ ವವೊರುಂತು 1962ರಲ್ಲಿ ತಮ್ಮ ಕಡಲತೀರದ ಮನೆಯ ಬಳಿ ಅತಿಥಿಗಳಿಗಾಗಿ ನಾಲ್ಕು ಕುಟೀರ ಕಟ್ಟಿದರು. ತಂಜುಂಗ್ ಸಾರಿ ಎಂಬ ಆ ಹೋಟೆಲು ದೊಡ್ಡದಾದದ್ದು ನಿಧಾನವಾಗಿ. ಹವಳದ ಕಲ್ಲಿನ ತಗ್ಗು ಗೋಡೆ, ಒಂದೊಂದು ಕುಟೀರಕ್ಕೂ ತನ್ನದೇ ಅಂಗಳ ಮತ್ತು ಬಾಗಿಲು, ಹಳೆಯ ಕೆತ್ತನೆಗಳು, ಇಕ್ಕಟ್ಟಾದ ಓಣಿಗಳು. ಹಳ್ಳಿಯೊಂದರಲ್ಲಿ ನಡೆದಂತೆ ಅದರೊಳಗೆ ನಡೆಯಬೇಕಿತ್ತು. ವವೊರುಂತು ಮತ್ತು ಆಸ್ಟ್ರೇಲಿಯದ ಚಿತ್ರಕಾರ ಡೊನಾಲ್ಡ್ ಫ್ರೆಂಡ್ ಜೊತೆಗೂಡಿ ಪಕ್ಕದ ಬಾತು ಜಿಂಬಾರ್‌ನಲ್ಲಿ ಮನೆಗಳ ಗುಂಪೊಂದನ್ನು ಕಟ್ಟಿಸಲು ಹೊರಟಾಗ ಅದರ ವಿನ್ಯಾಸಕ್ಕೆ ಬಂದವರು ಶ್ರೀಲಂಕಾದ ಜೆಫ್ರಿ ಬಾವಾ. 1970ರ ದಶಕದ ಆರಂಭದ ಈ ಕೆಲಸದಲ್ಲಿ ಬಾವಾ ಬಾಲಿಯ ಅಂಗಳವನ್ನು ನಕಲು ಮಾಡಲಿಲ್ಲ. ಒಳಗು ಹೊರಗಿನ ಗೆರೆ ಅಳಿಸುವ ಅದರ ಗುಣವನ್ನು ಹಿಡಿದು ಹೊಸದಾಗಿ ಜೋಡಿಸಿದರು. ದಕ್ಷಿಣ ಏಷ್ಯ ಮತ್ತು ಬಾಲಿಗಳ ನಡುವಿನ ಹಳೆಯ ಕೊಡುಕೊಳ್ಳುವಿಕೆಗೆ ಸೇರಿದ ಒಂದು ಹೊಸ ಪುಟವಿದು.

ಅದೇ ಹೊತ್ತಿಗೆ ಕೂಟಾದ ಉತ್ತರಕ್ಕೆ ಆಸ್ಟ್ರೇಲಿಯದ ವಾಸ್ತುಶಿಲ್ಪಿ ಪೀಟರ್ ಮುಲ್ಲರ್ ಕಾಯು ಆಯಾ ಎಂಬ ಹೋಟೆಲನ್ನು ರೂಪಿಸಿದರು. ಮುಲ್ಲರ್ ಅಸ್ತ ಕೋಸಲ ಕೋಸಲಿಯನ್ನು ಓದಿಸಿಕೊಂಡು, ಊರಿನ ಬಡಗಿಗಳನ್ನೂ ಕಲ್ಲುಕುಟಿಗರನ್ನೂ ಕೂಡಿಸಿಕೊಂಡು ಕೆಲಸ ಮಾಡಿದವರು. 1978ರಲ್ಲಿ ಭಾರತದ ಒಬೆರಾಯ್ ಸಂಸ್ಥೆ ಅದನ್ನು ವಹಿಸಿಕೊಂಡಿತು. ಆಕಾಶಕ್ಕೆ ತೆರೆದ ಬಚ್ಚಲು ಬಾಲಿಯ ರೆಸಾರ್ಟಿನ ಗುರುತಾದದ್ದು ಇಂಥ ಹೋಟೆಲುಗಳಿಂದಲೇ. ಹಳ್ಳಿಯವರಿಗೆ ಇಂಥ ಬಚ್ಚಲು ಇರಲಿಲ್ಲ. ಅವರು ಹೊಳೆಯಲ್ಲೋ ಊರ ಮುಂದಿನ ಕಲ್ಲಿನ ಹರಿನಾಳದ ಕೆಳಗೋ ಎಲ್ಲರೊಡನೆ ಮಾತಾಡುತ್ತ ಸ್ನಾನ ಮಾಡುತ್ತಿದ್ದರು. ಬಯಲಿನ ಆ ಸ್ನಾನಕ್ಕೆ ಸುತ್ತ ಗೋಡೆ ಕಟ್ಟಿ ಒಬ್ಬರಿಗೇ ಮೀಸಲಿಟ್ಟದ್ದು ರೆಸಾರ್ಟು.

ಉಳಿದ ಅಂಗಗಳಿಗೂ ಹೀಗೇ ಆಯಿತು. ಹಲ್ಲನ್ನು ಅರದಿಂದ ಉಜ್ಜಿ ಸಮ ಮಾಡುವ ಸಂಸ್ಕಾರ, ಮದುವೆ ನಡೆಯುತ್ತಿದ್ದ, ತೀರಿಕೊಂಡವರನ್ನು ಮಲಗಿಸುತ್ತಿದ್ದ ಬಲೆ ಈಜುಕೊಳದ ಪಕ್ಕದ ವಿಶ್ರಾಂತಿ ಮಂಟಪವಾಯಿತು. ಲುಂಬುಂಗಿನ ಕತೆ ಇನ್ನೂ ಕುತೂಹಲದ್ದು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೊಸ ಭತ್ತ ಬಂತು. ಹಳೆಯ ತಳಿಗಳನ್ನು ತೆನೆ ಸಮೇತ ಕಟ್ಟು ಕಟ್ಟಿ ಕಣಜಕ್ಕೆ ಏರಿಸುತ್ತಿದ್ದರು. ಹೊಸ ತಳಿಯ ಕಾಳು ಬೇಗ ಉದುರುತ್ತಿದ್ದುದರಿಂದ ಗದ್ದೆಯಲ್ಲೇ ಬಡಿದು ಚೀಲ ತುಂಬಿ ಮಾರಬೇಕಾಯಿತು. ಭತ್ತದ ದೇವತೆ ಶ್ರೀ ನೆಲೆಸಿದ್ದ ಕಣಜಗಳು ಬರಿದಾದವು. ಬಾಗಿದ ಚಾವಣಿಯ ಅದೇ ಆಕಾರ ಪ್ರವಾಸಿಗರ ಎರಡಂತಸ್ತಿನ ಕುಟೀರವಾಗಿ ದ್ವೀಪದಲ್ಲೆಲ್ಲ ಎದ್ದಿತು. ದಿಕ್ಕು ಕೂಡ ತಿರುಗಿಬಿತ್ತು. ಭತ್ತ ಬೆಳೆಯದ, ತೆಂಗು ಉಪ್ಪುಗಳಿಗೆ ಬಿಟ್ಟಿದ್ದ ಕಡಲಿನ ಕಡೆಯ ನೆಲವೇ ಅತಿ ಬೆಲೆಯದಾಯಿತು, ಕಡಲಿಗೆ ಮುಖ ಮಾಡಿದ ಕೋಣೆಗೆ ಹೆಚ್ಚು ಬಾಡಿಗೆ ಬಂತು.

1969ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದ ಮೇಲೆ ಬರುವವರ ಸಂಖ್ಯೆ ಏರಿತು. ವಿಶ್ವಬ್ಯಾಂಕಿನ ನೆರವಿನಿಂದ ಫ್ರೆಂಚ್ ಸಲಹೆಗಾರರು 1971ರಲ್ಲಿ ಕೊಟ್ಟ ಯೋಜನೆ, ದೊಡ್ಡ ಹೋಟೆಲುಗಳನ್ನು ದಕ್ಷಿಣ ತುದಿಯ ಒಣ ನೆಲವಾದ ನೂಸಾ ದುವಾದಲ್ಲಿ ಕೂಡಿಹಾಕಬೇಕು, ಹಳ್ಳಿಗಳ ಬದುಕಿಗೆ ಅಡ್ಡಿಯಾಗಬಾರದು ಎಂದಿತು. ಅದೇ ವರ್ಷ ಬಾಲಿಯ ವಿದ್ವಾಂಸರೂ ಪುರೋಹಿತರೂ ಅಧಿಕಾರಿಗಳೂ ಸೇರಿ ನೃತ್ಯಗಳನ್ನು ಮೂರಾಗಿ ವಿಂಗಡಿಸಿದರು: ಗುಡಿಯ ಒಳಾಂಗಣದಲ್ಲಿ ಮಾತ್ರ ಆಡುವಂಥವು, ಆಚರಣೆಯ ಜೊತೆಗೆ ಬರುವಂಥವು, ನೋಡುಗರ ಮನರಂಜನೆಗೆ ಆಡಬಹುದಾದವು. ರೆಸಾರ್ಟಿನ ವೇದಿಕೆಗೆ ಸಲ್ಲುವುದು ಮೂರನೆಯ ಬಗೆ. ಈ ಗೆರೆ ಎಲ್ಲ ಕಾಲಕ್ಕೂ ಗಟ್ಟಿಯಾಗಿ ಉಳಿಯದಿದ್ದರೂ, ತಮ್ಮದರಲ್ಲಿ ಯಾವುದು ಮಾರಾಟಕ್ಕಿಲ್ಲ ಎಂದು ಬಾಲಿಯವರೇ ಕುಳಿತು ನಿರ್ಧರಿಸಿದ್ದು ಮಹತ್ವದ್ದು. ನೂಸಾ ದುವಾದ ಮೊದಲ ದೊಡ್ಡ ಹೋಟೆಲು ತೆರೆದದ್ದು 1983ರಲ್ಲಿ. ಎರಡಾಗಿ ಸೀಳಿದ ಗೋಪುರದಂಥ ‘ಚಂಡಿ ಬೆಂತಾರ್’ ಬಾಗಿಲು, ಗುಡಿಯ ಹೊರಾವರಣಕ್ಕೆ ಸೇರಿದ್ದು, ಅಲ್ಲಿ ವಸತಿ ವಲಯದ ಹೆಬ್ಬಾಗಿಲಾಗಿ ನಿಂತಿತು.

ಸಾನೂರಿನಲ್ಲಿ ಆರಂಭವಾದದ್ದು ಪೂರ್ತಿ ಅರಳಿದ್ದು 1989ರಲ್ಲಿ, ಉಬುದ್ ಬಳಿಯ ಕೆದೇವತಾನ್ ಹಳ್ಳಿಯಲ್ಲಿ. ಆಡ್ರಿಯನ್ ಝೆಚಾ ಅವರ ಅಮನ್ ಸಂಸ್ಥೆಗಾಗಿ ಪೀಟರ್ ಮುಲ್ಲರ್ ಅಲ್ಲಿ ಅಯುಂಗ್ ನದಿಯ ಕಮರಿಯ ಅಂಚಿನಲ್ಲಿ ಅಮನ್‌ದಾರಿ ಎಂಬ ರೆಸಾರ್ಟನ್ನು ಕಟ್ಟಿದರು. ಸುಮಾರು ಮೂವತ್ತು ವಸತಿಗಳು, ಒಂದೊಂದಕ್ಕೂ ಹಳ್ಳಿ ಮನೆಯಂತೆ ಗೋಡೆ, ಬಾಗಿಲು, ಅಂಗಳ. ನಡುವೆ ನದಿಯ ಕಲ್ಲು ಹಾಸಿದ ಓಣಿಗಳು. ಅತಿಥಿಗಳನ್ನು ಬರಮಾಡಿಕೊಳ್ಳುವ ಹಜಾರಕ್ಕೆ ಊರಿನ ಸಭಾಮಂಟಪವಾದ ‘ವಂತಿಲಾನ್’ ಮಾದರಿ. ಈಜುಕೊಳದ ಅಂಚು ಕೆಳಗಿನ ಗದ್ದೆಯ ಬದುವಿನಂತೆಯೇ ಬಾಗಿ ನೀರು ಕಮರಿಗೆ ಸೇರುವಂತೆ ತೋರುತ್ತದೆ. ಕೆಳಗೆ ನದಿಯ ದಡದಲ್ಲಿರುವ ಪವಿತ್ರ ಸ್ಥಳಕ್ಕೆ ಹೋಗುವ ಊರವರ ಹಾದಿ ಆ ಜಾಗದ ಮೂಲಕವೇ ಹಾದಿತ್ತು. ಅದನ್ನು ಮುಚ್ಚಲಿಲ್ಲ; ಹಬ್ಬದ ದಿನ ಮೆರವಣಿಗೆ ಇಂದಿಗೂ ಅಲ್ಲಿಂದಲೇ ಇಳಿಯುತ್ತದೆ. ಹೋಟೆಲು ಊರಿನ ಒಂದು ಭಾಗವಾಗಿ ಇರಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬಾಲಿಯಲ್ಲಿ ಹುಡುಕುವುದು ಕಷ್ಟ. 1990ರ ದಶಕದಲ್ಲಿ ಜಿಂಬರಾನ್, ಸಯಾನ್ ಮುಂತಾದೆಡೆ ಇದೇ ಹಾದಿಯ ರೆಸಾರ್ಟುಗಳು ಸಾಲಾಗಿ ಬಂದವು, ಅಲ್ಲಿಂದ ಮಾದರಿ ಹೊರದೇಶಗಳಿಗೆ ಹೋಯಿತು.

ಪ್ರತಿಭಟನೆಯೂ ಅದೇ ದಶಕದ್ದು. 1993ರಲ್ಲಿ ಕಡಲ ಬಂಡೆಯ ಮೇಲಿನ ತಾನಾ ಲೋತ್ ಗುಡಿಯ ಹತ್ತಿರ ಗಾಲ್ಫ್ ಮೈದಾನದ ದೊಡ್ಡ ರೆಸಾರ್ಟು ಬರುತ್ತದೆಂಬ ಸುದ್ದಿಗೆ ವಿದ್ಯಾರ್ಥಿಗಳು, ಪತ್ರಿಕೆಗಳು, ಪುರೋಹಿತರು ಎದ್ದು ನಿಂತರು. ಸೈನ್ಯದ ಹಿಡಿತದ ಆ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ. 1994ರಲ್ಲಿ ಹಿಂದೂ ಧರ್ಮ ಪರಿಷತ್ತು, ಗುಡಿಯ ದರ್ಜೆಗೆ ತಕ್ಕಂತೆ ಸುತ್ತ ಇಂತಿಷ್ಟು ದೂರದವರೆಗೆ ಪವಿತ್ರ ವಲಯ ಎಂದು ಆದೇಶ ಹೊರಡಿಸಿತು. ರೆಸಾರ್ಟು ಬದಲಾದ ರೂಪದಲ್ಲಿ ಬಂದೇ ಬಂತು. ಆದರೆ ಕಟ್ಟಡ ಮತ್ತು ಗುಡಿಯ ನಡುವಿನ ದೂರ ಅಲ್ಲಿಂದಾಚೆಗೆ ಸಾರ್ವಜನಿಕ ಚರ್ಚೆಯ ವಿಷಯವಾಗಿ ಉಳಿಯಿತು.

ಅತಿಥಿ ಮೆಚ್ಚುವ ಬಚ್ಚಲು, ಈಜುಕೊಳಗಳು ಹೊಸವಾದರೆ, ಅವನ ಗಮನಕ್ಕೆ ಬಾರದ ಕೆಲವು ಸಂಗತಿಗಳು ನಿಜವಾಗಿ ಹಳೆಯವು. ರೆಸಾರ್ಟಿನ ನಿವೇಶನದಲ್ಲೂ ಗುದ್ದಲಿ ಹಾಕುವ ಮೊದಲು ಭೂಮಿಶಾಂತಿ ನಡೆಯುತ್ತದೆ. ಬೆಟ್ಟ ಮತ್ತು ಪೂರ್ವ ಕೂಡುವ ಮೂಲೆಯಲ್ಲಿ ಹೋಟೆಲಿಗೂ ಒಂದು ಗುಡಿ ಇರುತ್ತದೆ, ಅದಕ್ಕೆ ವಾರ್ಷಿಕ ಪೂಜೆ ಇರುತ್ತದೆ. ಬೆಳಗ್ಗೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಎಲೆ, ಅಗರಬತ್ತಿ ಇಟ್ಟ ‘ಚನಂಗ್ ಸಾರಿ’ಯನ್ನು ಗುಡಿಗೂ ಹೊಸ್ತಿಲಿಗೂ ಅಡುಗೆಮನೆಗೂ ಇಡುತ್ತಾರೆ. 210 ದಿನಗಳ ಪಂಚಾಂಗದಂತೆ ಬರುವ ಗಲುಂಗಾನ್ ಹಬ್ಬಕ್ಕೂ ‘ಬಂಜಾರ್’ ಎಂಬ ಕೇರಿಯ ಸಂಘದ ಕೆಲಸಗಳಿಗೂ ನೌಕರರು ರಜೆ ಕೇಳಿದರೆ ಇಲ್ಲವೆನ್ನಲಾಗದು. ಬಂಜಾರಿನ ಕರೆಗೆ ಓಗೊಡದವನಿಗೆ ಊರಿನಲ್ಲಿ ಮದುವೆಗೂ ಹೆಗಲು ಕೊಡುವುದಕ್ಕೂ ಜನ ಸಿಗುವುದಿಲ್ಲ ಎಂಬ ಭಯ ಸಂಬಳದ ಭಯಕ್ಕಿಂತ ದೊಡ್ಡದು.

ಕನ್ನಡಿಗರಿಗೆ ಹತ್ತಿರದ ಒಂದು ದಿನವೂ ಇದರಲ್ಲಿದೆ. ಬಾಲಿಯವರ ಹೊಸ ವರ್ಷ ‘ನ್ಯೆಪಿ’ ಎಣಿಕೆಯಾಗುವುದು ಯುಗಾದಿಯಂತೆಯೇ ಶಕ ವರ್ಷದಲ್ಲಿ. ಅಧಿಕಮಾಸದ ಲೆಕ್ಕ ಬೇರೆಯಾದ್ದರಿಂದ ಎರಡೂ ಸದಾ ಒಟ್ಟಿಗೆ ಬಾರವು; 2023ರ ಮಾರ್ಚ್ 22ರಂದು ಶಕ 1945 ಎರಡೂ ಕಡೆ ಒಂದೇ ದಿನ ಆರಂಭವಾಯಿತು. ನ್ಯೆಪಿಯ ದಿನ ಬಾಲಿಯಲ್ಲಿ ಬೆಂಕಿ, ಕೆಲಸ, ಪ್ರಯಾಣ, ಮನರಂಜನೆ ನಾಲ್ಕೂ ನಿಷಿದ್ಧ. ವಿಮಾನ ನಿಲ್ದಾಣ ಮುಚ್ಚುತ್ತದೆ, ಎಷ್ಟೇ ಹಣ ಕೊಟ್ಟ ಅತಿಥಿಯೂ ರೆಸಾರ್ಟಿನ ಗೇಟು ದಾಟುವಂತಿಲ್ಲ, ರಾತ್ರಿ ಹೊರಗೆ ಬೆಳಕು ಕಾಣುವಂತಿಲ್ಲ. 2024ರ ಮಾರ್ಚಿನಿಂದ ಬೆಂಗಳೂರಿನಿಂದ ಡೆನ್‌ಪಸಾರಿಗೆ ನೇರ ವಿಮಾನ ಬಂದಿರುವುದರಿಂದ ಈ ನಿಯಮ ತಿಳಿದಿರುವುದು ಕನ್ನಡಿಗ ಪ್ರವಾಸಿಗರಿಗೂ ಒಳ್ಳೆಯದು.

2002ರ ಅಕ್ಟೋಬರಿನಲ್ಲಿ ಕೂಟಾದ ಬಾಂಬ್ ಸ್ಫೋಟಗಳು 202 ಜನರನ್ನು ಕೊಂದಾಗ ಹೋಟೆಲುಗಳು ಖಾಲಿಯಾದವು. ದ್ವೀಪವಿಡೀ ಒಂದೇ ಆದಾಯಕ್ಕೆ ಜೋತುಬಿದ್ದಿರುವುದರ ಅಪಾಯ ಆಗ ಗೊತ್ತಾಯಿತು. ಆದರೂ 2019ರಲ್ಲಿ ಬಂದ ವಿದೇಶಿಯರು 60 ಲಕ್ಷ ಮೀರಿದ್ದರು. ರೆಸಾರ್ಟು, ವಿಲ್ಲಾಗಳು ಹಬ್ಬುತ್ತಿರುವುದು ಗದ್ದೆಗಳ ಮೇಲೆ. ನೀರಿನ ಗುಡಿಗಳ ಮೂಲಕ ಗದ್ದೆಗಳಿಗೆ ನೀರಿನ ಸರದಿ ಹಂಚುವ ‘ಸುಬಾಕ್’ ಎಂಬ ರೈತಸಂಘಗಳ ವ್ಯವಸ್ಥೆಯನ್ನು ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೇಲಿನ ಒಂದು ಗದ್ದೆ ವಿಲ್ಲಾ ಆದರೆ ಕಾಲುವೆ ತುಂಡಾಗಿ ಕೆಳಗಿನ ಗದ್ದೆಗಳೂ ಒಣಗುತ್ತವೆ, ಸಂಘದ ಸದಸ್ಯರು ಕಡಿಮೆಯಾದಂತೆ ನೀರಿನ ಗುಡಿಯ ಪೂಜೆಯ ಖರ್ಚು ಉಳಿದವರ ಮೇಲೆ ಬೀಳುತ್ತದೆ. ಅತಿಥಿಯ ಕೋಣೆಯ ಬೆಲೆ ಏರಿಸುವ ಹಸಿರು ನೋಟವೇ ಹೀಗೆ ಸವೆಯುತ್ತದೆ. 2024ರ ಫೆಬ್ರವರಿ 14ರಿಂದ ಬಾಲಿ ಪ್ರಾಂತ್ಯ ಪ್ರತಿ ವಿದೇಶಿ ಪ್ರವಾಸಿಯಿಂದ 1,50,000 ಇಂಡೋನೇಷ್ಯ ರುಪಿಯಾ ತೆಗೆದುಕೊಳ್ಳುತ್ತಿದೆ. ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆ ಎಂದು ಅದರ ಉದ್ದೇಶವನ್ನು ಸಾರಿದೆ.